ಹಿಪ್ಪುನೇರಳೆ ಮರಕ್ಕೊಂದು ಗರಗಸ

ದೆಹಲಿಯ ಕಿದ್ವಾಯಿ ನಗರದಲ್ಲಿ ನೆಲಮಹಡಿಯ ಕ್ವಾರ್ಟರ್ಸು ನಮಗೆ ಸಿಕ್ಕಾಗ ನನ್ನ ಗಂಡ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು. ಅಂದರೆ, ತಾವು ಸಹಿ ಮಾಡದಿದ್ದರೆ ದೇಶ ನಿಂತುಹೋಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು. ನಾನು ಇನ್ನೊಂದು ಇಲಾಖೆಯಲ್ಲಿ ಗುಮಾಸ್ತೆ. ನಾನು ರಜೆ ಹಾಕಿದ ದಿನವೂ ದೇಶ ಎಂದಿನಂತೆ ತೆವಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದರಿಂದ ನನಗೆ ಆ ಭ್ರಮೆ ಇರಲಿಲ್ಲ.

ಮೆಟ್ರೋ ಇನ್ನೂ ನಮ್ಮ ಕಡೆಗೆ ಬಂದಿರದ ಕಾಲ ಅದು. ಆ ಮನೆಗೆ ಒಂದು ಹಿತ್ತಲಿತ್ತು, ಹಿತ್ತಲಲ್ಲಿ ಒಂದು ಹಿಪ್ಪುನೇರಳೆ ಮರವಿತ್ತು. ಹಿಂದೆ ಇದ್ದವರು ಯಾರೋ ನೆಟ್ಟು ಮರೆತ ಗಿಡ, ಸರ್ಕಾರಿ ನೀರು ಕುಡಿದು ಎರಡನೆಯ ಮಹಡಿಯನ್ನು ಇಣುಕುವಷ್ಟು ಬೆಳೆದಿತ್ತು. ನಮ್ಮ ಜೊತೆ ಇದ್ದ ನನ್ನ ಅತ್ತೆಗೆ ಅದನ್ನು ನೋಡಿ ತಡೆಯಲಾಗದ ನಗು. ಅವರು ಚನ್ನಪಟ್ಟಣದ ಕಡೆಯವರು. ರೇಷ್ಮೆಹುಳುಗಳಿಗೆ ಸೊಪ್ಪು ಕೊಯ್ದುಕೊಂಡೇ ಅರ್ಧ ಆಯಸ್ಸು ಕಳೆದವರು.

"ಇದು ಹಿಪ್ಪುನೇರಳೆನಾ?" ಎಂದರು. "ನಮ್ಮೂರಲ್ಲಿ ಇದು ಎದೆಮಟ್ಟ ಬೆಳೆದ್ರೆ ಜಾಸ್ತಿ ಕಣೇ. ಕುಡುಗೋಲು ತಗೊಂಡು ಸರಸರ ಅಂತ ಬೋಳಿಸಿಬಿಡ್ತಿದ್ವಿ. ಇಲ್ಲಿ ನೋಡು, ಹೇಳೋರು ಕೇಳೋರು ಇಲ್ದೆ ಹೆಂಗೆ ಕೊಬ್ಬಿದೆ. ಈ ಊರಲ್ಲಿ ಎಲ್ಲಾನೂ ಹಿಂಗೇ."

ಮರದಿಂದ ನಮಗೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಮೇಲಿನ ಮನೆಯವರಿಗೆ. ಅಲ್ಲಿ ಒಬ್ಬರೇ ವಾಸವಿದ್ದ ಮೇಡಂ ಆಡಿಟ್ ಅಧಿಕಾರಿ. ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಹಿಮಾಚಲದವರು ಎಂದಷ್ಟೇ ಗೊತ್ತಿತ್ತು. ಬಿಳಿ ಕೂದಲನ್ನು ಗಂಟು ಹಾಕಿ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಅವರು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ನಮ್ಮ ಬ್ಲಾಕಿನ ಗಂಡಸರು ಶರಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಸ್ಕೂಟರ್ ಅಡ್ಡ ನಿಲ್ಲಿಸಿದರೆ, ನೀರಿನ ಮೋಟಾರು ಹೆಚ್ಚು ಹೊತ್ತು ಓಡಿದರೆ, ಕೊನೆಗೆ ಯಾರಾದರೂ ಜೋರಾಗಿ ಸೀನಿದರೂ ಮೇಲಿನಿಂದ ಒಂದು ಆಕ್ಷೇಪಣೆ ಬೀಳುತ್ತಿತ್ತು. ನಾವೆಲ್ಲ ಅವರನ್ನು ಬೆನ್ನ ಹಿಂದೆ 'ಆಡಿಟ್ ಮೇಡಂ' ಎನ್ನುತ್ತಿದ್ದೆವು. ಎದುರಿಗೆ ಏನೂ ಎನ್ನುತ್ತಿರಲಿಲ್ಲ.

ಹಿಪ್ಪುನೇರಳೆಯ ಒಂದು ದೊಡ್ಡ ಕೊಂಬೆ ನೇರವಾಗಿ ಅವರ ಬಾಲ್ಕನಿಯ ಕಂಬಿಗೆ ಒರಗಿತ್ತು. ಕೋತಿಗಳಿಗೆ ಅದು ಸೇತುವೆ. ಬೆಳಗ್ಗೆ ಬರುವುದು, ಕೊಂಬೆಯ ಮೇಲೆ ಸಾಲಾಗಿ ನಡೆಯುವುದು, ಮೇಡಂ ಬಿಸಿಲಿಗಿಟ್ಟದ್ದನ್ನು ತಿನ್ನುವುದು, ತಿನ್ನಲಾಗದ್ದನ್ನು ಹರಿಯುವುದು. ಒಂದು ಡಿಸೆಂಬರಿನ ಬೆಳಗ್ಗೆ ಅವರು ಬಿಸಿಲಿಗಿಟ್ಟಿದ್ದ ಹೂಕೋಸು, ಗಜ್ಜರಿಯ ಉಪ್ಪಿನಕಾಯಿ ಭರಣಿಯನ್ನು ಒಂದು ಗಡವ ತಬ್ಬಿಕೊಂಡು ನಮ್ಮ ಹಿತ್ತಲಿಗೆ ಇಳಿದು, ನಿಧಾನವಾಗಿ ಕೂತು, ಒಂದೊಂದೇ ಹೋಳು ತೆಗೆದು ತಿಂದಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅದಕ್ಕೆ ಕೈಮುಗಿದರು. ಹಿಂದಿನ ವಾರ ಅದೇ ಆಂಜನೇಯಸ್ವಾಮಿ ಒಣಹಾಕಿದ್ದ ಅವರದೇ ಲಂಗ ಎತ್ತಿಕೊಂಡು ಹೋಗಿದ್ದ. ಆಗಲೂ ಕೈಮುಗಿದಿದ್ದರು.

ಮೇಲಿನಿಂದ ಧ್ವನಿ ಬಂತು. "ಎಸ್‌ಓ ಸಾಹೇಬ್! ಈ ಕೊಂಬೆ ನಿಮ್ಮದೋ, ಕೋತಿಗಳದ್ದೋ?"

ನನ್ನ ಗಂಡ ಲುಂಗಿ ಬಿಗಿಮಾಡಿಕೊಂಡು ಹೊರಬಂದರು. "ಮೇಡಂ, ಸರ್ಕಾರದ್ದು" ಎಂದರು.

"ಹಾಗಾದರೆ ಸರ್ಕಾರಕ್ಕೆ ಹೇಳಿ ಕತ್ತರಿಸಿ."

ಹೇಳಿದರು. ಕಾಲೋನಿಯ ತೋಟಗಾರಿಕೆಯವರು ಬಂದು ಮರವನ್ನು ಸುತ್ತಿ ನೋಡಿ, ಕಾಂಡಕ್ಕೆ ಸುಣ್ಣದಲ್ಲಿ ಒಂದು ನಂಬರು ಬರೆದು ಹೋದರು. ಮರ ಮೊದಲು ಬರೀ ಮರವಾಗಿತ್ತು, ಈಗ ಸರ್ಕಾರಿ ನೌಕರನಾಯಿತು. ಅದಾದ ಮೇಲೆ ಏನೂ ಆಗಲಿಲ್ಲ. ಮತ್ತೆ ವಿಚಾರಿಸಿದಾಗ, ಒಂದು ಕೊಂಬೆ ತಾನೇ, ಮರ ಕೆಡವದಿದ್ದರೆ ಸರಿ, ನೀವೇ ತೆಗೆದುಕೊಳ್ಳಿ ಎಂದುಬಿಟ್ಟರು.

"ನಾನೇ ಕತ್ತರಿಸ್ತೀನಿ" ಎಂದು ನನ್ನ ಗಂಡ ಘೋಷಿಸಿದರು. ಮದುವೆಯಾದಾಗಿನಿಂದ ಆ ಮನುಷ್ಯ ಬ್ರೆಡ್ಡಿಗಿಂತ ಗಟ್ಟಿಯಾದ ಏನನ್ನೂ ಕತ್ತರಿಸಿದ್ದನ್ನು ನಾನು ನೋಡಿರಲಿಲ್ಲ.

ಮೊದಲು ಅತ್ತೆ ತಮ್ಮ ಕುಡುಗೋಲು ಕೊಟ್ಟರು. ಊರಿನಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ತಂದಿದ್ದ ಅದು ಎಳೆ ಸೊಪ್ಪಿನ ಕಡ್ಡಿಗಳನ್ನು ಕೊಯ್ಯಲು ಸೊಗಸಾದದ್ದು. ಮಣಿಕಟ್ಟಿಗಿಂತ ದಪ್ಪವಿದ್ದ ಈ ಕೊಂಬೆಗೆ ಅದನ್ನು ತಾಗಿಸಿ ನನ್ನ ಗಂಡ ಎಳೆದಾಗ ತೊಗಟೆಯ ಮೇಲೆ ಒಂದು ಗೀರು ಮೂಡಿತು, ಅಷ್ಟೆ. ಅತ್ತೆಗೆ ಅವಮಾನವಾಯಿತು. ಕುಡುಗೋಲನ್ನು ಕಿತ್ತುಕೊಂಡು ಒಳಗೆ ಹೋದರು.

ನನ್ನ ಗಂಡ ಸ್ಕೂಟರ್ ಹತ್ತಿ ಕೋಟ್ಲಾ ಮುಬಾರಕ್‌ಪುರದ ಹಾರ್ಡ್‌ವೇರ್ ಅಂಗಡಿಗೆ ಹೋದರು. ಬರುವಾಗ ಹಿಂದಿನ ಸೀಟಿಗೆ ಕಟ್ಟಿಕೊಂಡು ತಂದದ್ದು ಒಂದು ಮಾರುದ್ದದ ಕತ್ತರಿ. ಪಾರ್ಕುಗಳಲ್ಲಿ ಬೇಲಿಗಿಡದ ತಲೆಯನ್ನು ಸಮಮಾಡಲು ಮಾಲಿಗಳು ಎರಡು ಕೈಯಲ್ಲಿ ಹಿಡಿದು ಕಚಕಚ ಎನಿಸುತ್ತಾರಲ್ಲ, ಅದು.

"ಇದು ಎಲೆ ಕತ್ತರಿಸೋದಲ್ವಾ?" ಎಂದೆ.

"ಕತ್ತರಿ ಅಂದ್ರೆ ಕತ್ತರಿ. ಎಷ್ಟು ದೊಡ್ಡದಿದೆ ನೋಡು."

ಗಂಡಸರು ಹತಾರವನ್ನು ಆರಿಸುವ ಕ್ರಮವೇ ಇದು ಎಂದು ನನಗೆ ಆಮೇಲೆ ಖಾತ್ರಿಯಾಯಿತು. ಯಾವುದು ನೋಡಲು ದೊಡ್ಡದೋ ಅದು ಒಳ್ಳೆಯದು. ಊಟದ ಮೇಜನ್ನು ಹಿತ್ತಲಿಗೆ ತಂದು, ಅದರ ಮೇಲೆ ನಿಂತು ಅವರು ಆ ಕತ್ತರಿಯ ಬಾಯಿಗೆ ಕೊಂಬೆಯನ್ನು ತುರುಕಿ, ಹಲ್ಲು ಕಚ್ಚಿ ಒತ್ತಿದರು. ಉದ್ದನೆಯ ತೆಳು ಅಲಗುಗಳು ಕೊಂಬೆಯನ್ನು ಕಚ್ಚುವ ಬದಲು ತಾವೇ ಬಾಗಿ ಒಂದನ್ನೊಂದು ದಾಟಿ ನಿಂತವು. ಆಮೇಲೆ ಅದು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ.

ಮರುದಿನ ಕೈಗತ್ತರಿ ಬಂತು. ಒಂದೇ ಕೈಯಲ್ಲಿ ಹಿಡಿಯುವ, ನಡುವೆ ಸ್ಪ್ರಿಂಗ್ ಇರುವ, ಗುಲಾಬಿ ಗಿಡ ಸವರುವ ಕತ್ತರಿ. ಹೆಬ್ಬೆರಳ ಗಾತ್ರದ ರೆಂಬೆಗಳನ್ನು ಅದು ಚೆನ್ನಾಗಿಯೇ ಕತ್ತರಿಸಿತು. ನನ್ನ ಗಂಡನಿಗೆ ಹುರುಪು ಬಂದು ಸುತ್ತಲಿನ ಸಣ್ಣ ರೆಂಬೆಗಳನ್ನೆಲ್ಲ ಉದುರಿಸಿದರು. ನಂತರ ಅದನ್ನು ಮೇಜಿನ ಮೇಲಿಟ್ಟು ಚಹಾ ಕುಡಿಯಲು ಒಳಬಂದರು. ಕಿಟಕಿಯಿಂದ ನೋಡುತ್ತಿದ್ದಂತೆ ಒಂದು ಕೋತಿಮರಿ ಇಳಿದು ಬಂದು, ಕತ್ತರಿಯನ್ನು ಮೂಸಿ, ಅದನ್ನೆತ್ತಿಕೊಂಡು ಗೋಡೆ ಹಾರಿ ಎದುರಿನ ಬೇವಿನ ಮರ ಹತ್ತಿತು. ಬಾಳೆಹಣ್ಣು ತೋರಿಸಿದೆವು. ಬಾಳೆಹಣ್ಣು ತಿನ್ನಲು ಬೇರೆ ಕೋತಿ ಬಂತು. ಕತ್ತರಿ ಮತ್ತೆ ಕಾಣಸಿಗಲಿಲ್ಲ.

ನಿಜವಾದ ಅನಾಹುತ ಆದದ್ದು ಅದರ ಮುಂದಿನ ಭಾನುವಾರ, ಕೊಡಲಿಯಿಂದ.

ಕೊಡಲಿ ನೆಲದ ಮೇಲೆ ನಿಂತು ಬೀಸುವ ವಸ್ತು. ಕಾಲ ಕೆಳಗೆ ಭೂಮಿ ಬೇಕು, ಹೊಡೆತ ತಿನ್ನುವ ಮರ ಅಲುಗಾಡಬಾರದು. ನನ್ನ ಗಂಡ ಮೇಜಿನ ಮೇಲೆ ಸ್ಟೂಲಿಟ್ಟು, ಅದರ ಮೇಲೆ ಹತ್ತಿ, ತಲೆಗಿಂತ ಮೇಲಿದ್ದ, ಸ್ಪ್ರಿಂಗಿನಂತೆ ತೊನೆಯುತ್ತಿದ್ದ ಕೊಂಬೆಗೆ ಅದನ್ನು ಬೀಸಿದರು. ಮೊದಲ ಏಟಿಗೆ ಕೊಂಬೆ ಕೆಳಗೆ ಹೋಗಿ ಮೇಲೆ ಬಂದು ಅವರ ಕನ್ನಡಕವನ್ನು ಹಾರಿಸಿತು. ಆಗಲಾದರೂ ಇಳಿಯಬೇಕಿತ್ತು. ಕನ್ನಡಕವಿಲ್ಲದೆ ಎರಡನೆಯ ಏಟು ಹಾಕಿದರು. ಕೊಡಲಿ ಕೊಂಬೆಯೊಳಗೆ ಆಳವಾಗಿ ಕಚ್ಚಿಕೊಂಡು ಕೂತಿತು. ಎಳೆದರೆ ಬಾರದು. ಅವರು ಹಿಡಿಗೆ ಜೋತುಬಿದ್ದು ಜಗ್ಗಿದರು. ಸ್ಟೂಲು ಜಾರಿತು. ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರು ಒಂದು ಗಳಿಗೆ ಕೊಡಲಿ ಹಿಡಿದು ಗಾಳಿಯಲ್ಲಿ ತೂಗಾಡಿದರು. ಆಮೇಲೆ ಪಕ್ಕದ ಒಂದು ಕವಲು ಕೊಂಬೆಯನ್ನು ತಬ್ಬಿ, ಅದನ್ನೂ ಮುರಿದುಕೊಂಡು, ತುಳಸಿ ಕಟ್ಟೆಯ ಪಕ್ಕಕ್ಕೆ ಬಿದ್ದರು.

"ಅಯ್ಯೋ ನನ್ನ ಮಗ!" ಎಂದು ಅತ್ತೆ ಓಡಿಬಂದರು. ನಾನೂ ಓಡಿದೆ. ಪಾದದ ಗಂಟು ಉಳುಕಿ ಕೂಡಲೇ ಊದಿಕೊಂಡಿತ್ತು. ಉಳಿದಂತೆ ಮನುಷ್ಯ ಪೂರ್ತಿ ಇದ್ದರು. ನನಗೆ ಅಳು ಬರುವ ಹಾಗಿತ್ತು, ಅಷ್ಟರಲ್ಲಿ ತಲೆಯೆತ್ತಿ ನೋಡಿದೆ. ಕೊಡಲಿ ಇನ್ನೂ ಕೊಂಬೆಯಲ್ಲೇ ಇತ್ತು.

ಬಾಲ್ಕನಿಯಲ್ಲಿ ಆಡಿಟ್ ಮೇಡಂ ನಿಂತಿದ್ದರು. ಮೊದಲು "ಕಾಲಿಗೆ ಐಸ್ ಇಡಿ, ತಕ್ಷಣ" ಎಂದರು. ಆಮೇಲೆ ಮರದ ಕಡೆ ನೋಡಿ ಹೇಳಿದರು, "ಅಚ್ಛಾ. ಇಷ್ಟು ದಿನ ಕೋತಿಗಳ ಕೈಲಿ ಕತ್ತರಿ ಇತ್ತು. ಈಗ ಕೊಡಲಿಯೂ ಸಿಕ್ಕಿತು."

ಅವರು ಹೇಳಿದ್ದು ತಮಾಷೆಯಾಗಿ ಕೇಳಿಸಿದರೂ ನಮಗೆ ನಿಜಕ್ಕೂ ಭಯ ಹತ್ತಿತು. ಕೋತಿಗಳು ಕೊಂಬೆಯ ಮೇಲೆ ಓಡಾಡಿದಾಗಲೆಲ್ಲ ಕೊಡಲಿಯ ಹಿಡಿ ಅಲುಗುತ್ತಿತ್ತು. ಅದರ ಕೆಳಗೆ ನಾವು ಬಟ್ಟೆ ಒಣಹಾಕುವ ತಂತಿ. ಅತ್ತೆ ಹಿತ್ತಲಿಗೆ ಕಾಲಿಡಲಿಲ್ಲ. ನಾನು ಗೋಡೆಗೆ ಅಂಟಿಕೊಂಡು ಹೋಗಿ ಬಟ್ಟೆಯನ್ನು ತಂತಿಯ ಮೇಲೆ ಎಸೆದು ಬರುತ್ತಿದ್ದೆ. ನನ್ನ ಗಂಡ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಹಾಸಿಗೆಯಲ್ಲಿ ಒರಗಿ, "ಕೊಡಲಿ ಹರಿತ ಇರಲಿಲ್ಲ. ಇನ್ನೂ ದೊಡ್ಡದು ತರಬೇಕಾಗಿತ್ತು" ಎನ್ನುತ್ತಿದ್ದರು.

ಅದನ್ನು ಕೇಳಿದ ದಿನವೇ ನಾನು ತೀರ್ಮಾನ ಮಾಡಿದೆ. "ರೀ, ಇನ್ನು ಈ ವಿಷಯ ನಿಮ್ಮ ಸೆಕ್ಷನ್ನಿಗೆ ಬರೋದಿಲ್ಲ. ನಾನು ನೋಡ್ಕೋತೀನಿ" ಎಂದೆ.

"ನಿನಗೇನೇ ಗೊತ್ತು?"

"ನಿಮಗೆ ಎಷ್ಟು ಗೊತ್ತೋ ಅಷ್ಟೇ. ಆದ್ರೆ ನನಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತು."

ನಿಜ ಹೇಳಬೇಕೆಂದರೆ ನನ್ನ ಬಳಿ ಇದ್ದದ್ದು ಒಂದೇ ಉಪಾಯ. ರವಿಕೆ ಹೊಲಿಸಲು ಹೋಗುವಾಗ ಅಳತೆ ರವಿಕೆ ತೆಗೆದುಕೊಂಡು ಹೋಗುವುದಿಲ್ಲವೇ, ಹಾಗೆ. ನನ್ನ ಗಂಡ ಬೀಳುವಾಗ ಮುರಿದುಕೊಂಡು ಬಂದಿದ್ದ ಕವಲು ಕೊಂಬೆ ಹಿತ್ತಲಲ್ಲೇ ಬಿದ್ದಿತ್ತು, ಇನ್ನೂ ಹಸಿ ಆರಿರಲಿಲ್ಲ. ಅದರ ತುಂಡೊಂದನ್ನು ಹಿಂದಿ ಪತ್ರಿಕೆಯಲ್ಲಿ ಸುತ್ತಿ, ತರಕಾರಿ ಚೀಲಕ್ಕೆ ಹಾಕಿಕೊಂಡು, ಶನಿವಾರ ಕೋಟ್ಲಾದ ಬಜಾರಿಗೆ ನಡೆದೆ. ತುಂಡು ಚೀಲದಿಂದ ಮೊಳದಷ್ಟು ಹೊರಗೆ ಚಾಚಿಕೊಂಡಿತ್ತು. ದಾರಿಯಲ್ಲಿ ಗಾಡಿಯಲ್ಲಿ ಮೂಲಂಗಿ ಮಾರುತ್ತಿದ್ದ ಭಯ್ಯಾ, "ಆಂಟೀಜಿ, ಇದು ಯಾವ ಸಬ್ಜಿ?" ಎಂದ. ಮದ್ರಾಸಿ ಸಬ್ಜಿ ಎಂದೆ. ಅವನು ಗೌರವದಿಂದ ತಲೆಯಾಡಿಸಿದ. ದೆಹಲಿಯಲ್ಲಿ ವಿಂಧ್ಯದ ಆಚೆಯವರು ಏನು ತಿಂದರೂ ನಂಬುತ್ತಾರೆ.

ಅಂಗಡಿಯವನು ಗಲ್ಲಾದ ಮೇಲೆ ಮೊಣಕೈ ಊರಿ ಕೂತಿದ್ದ. "ಬೆಹೆನ್‌ಜೀ, ಕೊಂಬೆ ಕಡಿಯೋ ಸಾಮಾನಾ? ಸಾಹೇಬರನ್ನ ಕಳಿಸಿ, ನಾನು ಅವರಿಗೆ ತಿಳಿಸಿಕೊಡ್ತೀನಿ."

"ಸಾಹೇಬರನ್ನು ಕಳಿಸಿಯೇ ಈ ಗತಿ ಬಂದಿದ್ದು" ಎಂದೆ. "ದೊಡ್ಡ ಕತ್ತರಿ, ಸಣ್ಣ ಕತ್ತರಿ, ಕೊಡಲಿ, ಎಲ್ಲ ನಿಮ್ಮಲ್ಲೇ ತಂದರು."

ಅವನ ಮುಖ ಅರಳಿತು. "ಕನ್ನಡಕ ಹಾಕಿಕೊಂಡಿದ್ದವರಾ? ಬಹಳ ಒಳ್ಳೆಯ ಗಿರಾಕಿ! ಏನೂ ಕೇಳುವುದೇ ಇಲ್ಲ."

ನಾನು ಕೇಳಿದೆ. ಚೀಲದಿಂದ ತುಂಡು ತೆಗೆದು ಗಲ್ಲಾದ ಮೇಲಿಟ್ಟು, "ಇದನ್ನು ಕತ್ತರಿಸಿ ನೋಡಿ ತಗೊಳ್ತೀನಿ" ಎಂದೆ. ಅವನು ಮೊದಲು ನಕ್ಕ. ಆಮೇಲೆ ಬೇರೆ ಗಿರಾಕಿಗಳು ಮಜಾ ನೋಡಲು ನಿಂತಾಗ ಅವನಿಗೂ ಹುಮ್ಮಸ್ಸು ಬಂತು. ಒಂದೊಂದೇ ಇಳಿಸಿದ.

ಬಡಗಿಯ ಗರಗಸವನ್ನು ಮೊದಲು ಹಿಡಿದೆ. ಅದರ ಸಣ್ಣ ಹಲ್ಲುಗಳು ಒಣ ಹಲಗೆಗೆ ಸರಿ. ಹಿಪ್ಪುನೇರಳೆಯ ಅಂಟು ಹಾಲಿಗೆ ಒದ್ದೆ ಪುಡಿ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು, ನಡುವೆ ಸಿಕ್ಕಿ ನಿಂತೇಬಿಟ್ಟಿತು. ಆಮೇಲೆ ಬಿಲ್ಲಿನಂಥ ಕಬ್ಬಿಣದ ಚೌಕಟ್ಟಿನ ಗರಗಸ ತೋರಿಸಿದ. ಬೇಗ ಕೊಯ್ಯಿತು, ಆದರೆ ನಮ್ಮ ಕೊಂಬೆ ಇದ್ದದ್ದು ಎರಡು ಕವಲುಗಳ ಇಕ್ಕಟ್ಟಿನಲ್ಲಿ; ಆ ಚೌಕಟ್ಟು ಅಲ್ಲಿ ಹಿಡಿಸುತ್ತಿರಲಿಲ್ಲ. ಕೈಯಿಂದ ಇಕ್ಕಟ್ಟನ್ನು ಅಳೆದು ತೋರಿಸಿದೆ. ಅವನು ತಲೆ ಕೆರೆದುಕೊಂಡು ಹಿಂದಿನ ಕಪಾಟಿನಿಂದ ಒಂದು ಬಾಗಿದ ಗರಗಸ ತೆಗೆದ. ನೋಡಲು ಅತ್ತೆಯ ಕುಡುಗೋಲಿಗೆ ಮೊಸಳೆಯ ಹಲ್ಲು ಬಂದಂತಿತ್ತು. ಹಲ್ಲುಗಳೆಲ್ಲ ಹಿಡಿಯ ಕಡೆಗೆ ವಾಲಿದ್ದವು. ತಳ್ಳಿದರೆ ಜಾರುತ್ತದೆ, ಎಳೆದರೆ ಕೊಯ್ಯುತ್ತದೆ. ತಲೆಯ ಮೇಲಿರುವ ಕೊಂಬೆಯನ್ನು ಕೊಯ್ಯುವವರಿಗೆ ಬೇಕಾದದ್ದು ಅದೇ; ಎಳೆಯುವಾಗ ತೋಳಿನ ಭಾರವೇ ಅರ್ಧ ಕೆಲಸ ಮಾಡುತ್ತದೆ. ಎಳೆದೆ. ತುಂಡು ನೋಡನೋಡುತ್ತ ಎರಡಾಯಿತು. ಹಿಂದೆ ನಿಂತಿದ್ದ ಯಾರೋ "ವಾಹ್" ಎಂದರು.

ಕೈಗತ್ತರಿಯನ್ನೂ ಹಾಗೆಯೇ ನೋಡಿ ಕೊಂಡೆ. ಒಂದರ ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತಿತ್ತು. ಹಸಿ ರೆಂಬೆಯನ್ನು ಅದು ಕತ್ತರಿಸುವ ಬದಲು ಜಜ್ಜಿತು. ಒಣಕಡ್ಡಿಗೆ ಅದು ಆಗಬಹುದು. ಇನ್ನೊಂದರಲ್ಲಿ ಎರಡು ಅಲಗುಗಳು ಒಂದರ ಪಕ್ಕ ಒಂದು ಸರಿದುಹೋಗುತ್ತಿದ್ದವು. ರೆಂಬೆ ಸೌತೆಕಾಯಿಯಂತೆ ನುಣ್ಣಗೆ ತುಂಡಾಯಿತು. ಆದರೆ ಅದನ್ನು ಪೂರ್ತಿ ತೆರೆದಾಗ ನನ್ನ ಬೆರಳುಗಳು ಹಿಡಿಯನ್ನು ಸುತ್ತಲಿಲ್ಲ. ಅದನ್ನು ಮಾಡಿದವನು ಹೆಂಗಸಿಗೂ ಕೈ ಇರುತ್ತದೆ ಎಂದು ಯೋಚಿಸಿದಂತಿರಲಿಲ್ಲ. ಸಣ್ಣ ಹಿಡಿಯದ್ದು ಸಿಗುವವರೆಗೆ ಅಂಗಡಿಯವನನ್ನು ಏಣಿ ಹತ್ತಿಸಿ ಇಳಿಸಿದೆ. ಹೊರಡುವಾಗ ಅವನು, "ಸಾಹೇಬರು ಹೇಗಿದ್ದಾರೆ? ಅವರನ್ನೂ ಕಳಿಸುತ್ತಿರಿ" ಎಂದ.

ಭಾನುವಾರ ಬೆಳಗ್ಗೆ ಮಂಜು ಕರಗುವವರೆಗೆ ಕಾದು, ಕಾಲೋನಿಯ ದೂರು ಕಚೇರಿಯಿಂದ ಒಂದು ಏಣಿ ತರಿಸಿದೆ. ಜನವರಿಯ ಚಳಿಗೆ ಮರದ ಎಲೆಯೆಲ್ಲ ಉದುರಿ, ಯಾವ ಕೊಂಬೆ ಎಲ್ಲಿಂದ ಹೊರಟಿದೆ ಎಂದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಸಲ್ವಾರ್ ಕಮೀಜಿನ ಮೇಲೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡು ಹತ್ತಿದೆ. ಅತ್ತೆ ಕೊನೆಗೂ ಧೈರ್ಯಮಾಡಿ ಬಂದು, ತಲೆಯ ಮೇಲೆ ಒಂದು ಸ್ಟೀಲ್ ಬೋಗುಣಿ ಬೋರಲು ಹಾಕಿಕೊಂಡು ಏಣಿ ಹಿಡಿದರು.

"ಮೆಲ್ಲಗೆ ಕಣೇ. ನೀನೂ ಬಿದ್ರೆ ಆ ಕುಂಟನಿಗೆ ಅನ್ನ ಹಾಕೋರು ಯಾರು?"

ಕಿಟಕಿಯೊಳಗಿಂದ ಕುಂಟನ ಧ್ವನಿ ಬಂತು. "ಅಮ್ಮ, ನನಗೆ ಕೇಳಿಸ್ತಿದೆ."

ಗರಗಸವನ್ನು ಕಾಂಡದ ಹತ್ತಿರ ಕೊಂಬೆಯ ಮೇಲ್ಭಾಗಕ್ಕೆ ಇಟ್ಟೆ. ಇನ್ನೇನು ಎಳೆಯಬೇಕು.

"ರುಕೋ!"

ಬಾಲ್ಕನಿಯಿಂದ ಬಂದ ಆ ಕೂಗಿಗೆ ಅತ್ತೆಯ ಬೋಗುಣಿ ಬಿತ್ತು. "ಮೇಲಿನಿಂದ ಶುರುಮಾಡಿದರೆ ಏನಾಗುತ್ತೆ ಗೊತ್ತಾ?" ಎಂದರು ಮೇಡಂ. "ಅರ್ಧ ಕೊಯ್ಯುವಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೇ ಮುರಿಯುತ್ತೆ. ಮುರಿಯುವಾಗ ಕಾಂಡದ ಚರ್ಮವನ್ನು ಬುಡದವರೆಗೂ ಹರಿದುಕೊಂಡು ಹೋಗುತ್ತೆ. ಇಳಿ ಕೆಳಗೆ. ನಾನು ಬಂದೆ."

ಬಂದರು. ಸಲ್ವಾರಿನ ಕಾಲುಗಳನ್ನು ಸಾಕ್ಸಿನೊಳಗೆ ತುರುಕಿ, ಕ್ಯಾನ್ವಾಸ್ ಶೂ ಹಾಕಿ, ತಲೆಗೆ ಉಣ್ಣೆಯ ಟೋಪಿ ಎಳೆದುಕೊಂಡು. ನಮ್ಮ ಹಿತ್ತಲಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ನನ್ನ ಕೈಯಿಂದ ಗರಗಸ ತೆಗೆದುಕೊಂಡು ಹಲ್ಲಿನ ಮೇಲೆ ಹೆಬ್ಬೆರಳು ಸವರಿ, "ಇದನ್ನು ಯಾರು ಆರಿಸಿದ್ದು?" ಎಂದು ಕೇಳಿದರು.

"ನಾನೇ."

"ಹ್ಞೂಂ" ಎಂದರು. ಅವರ ಬಾಯಲ್ಲಿ ಅದು ಪದ್ಮಶ್ರೀಗೆ ಸಮ.

ಅವರೇ ಹತ್ತಿದರು. ಮೊದಲು ಕೊಡಲಿಯ ಹಿಡಿಯನ್ನು ಹಗ್ಗದಿಂದ ಕೊಂಬೆಗೆ ಬಿಗಿದರು, ಬೀಳುವಾಗ ಹಾರದಿರಲಿ ಎಂದು. ಆಮೇಲೆ ಕಾಂಡದಿಂದ ಒಂದು ಮೊಳ ಆಚೆಗೆ, ಕೊಂಬೆಯ ಕೆಳಭಾಗದಲ್ಲಿ ಸ್ವಲ್ಪವೇ ಕೊಯ್ದರು. ಅಲ್ಲಿಂದ ಇನ್ನೊಂದಿಷ್ಟು ಆಚೆಗೆ ಸರಿದು ಮೇಲಿನಿಂದ ಎಳೆಯತೊಡಗಿದರು. ಬಿಳಿಯ ಪುಡಿ ಅವರ ಟೋಪಿಯ ಮೇಲೆ ಉದುರಿತು. ಅವಸರವಿರಲಿಲ್ಲ, ನಿಲುಗಡೆಯೂ ಇರಲಿಲ್ಲ. ಕೊಂಬೆ ಒಮ್ಮೆ ನರಳಿ, ಕೆಳಗಿನ ಕೊಯ್ತದವರೆಗೆ ಮಾತ್ರ ಸೀಳಿ, ಕೊಡಲಿಯ ಸಮೇತ ದೊಪ್ಪನೆ ಬಿತ್ತು. ಬಟ್ಟೆಯ ತಂತಿ ಹರಿಯಿತು. ಬೇರೇನೂ ಆಗಲಿಲ್ಲ. ಉಳಿದ ಮೋಟನ್ನು ನನ್ನಿಂದಲೇ ತೆಗೆಸಿದರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರವೊಂದಿರುತ್ತದೆ. ಅದನ್ನು ಮುಟ್ಟದೆ, ಅದರ ಹೊರಗೆ ಕೊಯ್ಯಬೇಕು, ಆಗ ಗಾಯ ತಾನೇ ಮುಚ್ಚಿಕೊಳ್ಳುತ್ತದೆ ಎಂದರು. ನನ್ನ ತೋಳು ಸೋತಿತ್ತು. ಆದರೂ ಆ ದುಂಡನೆಯ ಹಸಿ ಗಾಯವನ್ನು ನೋಡಿ ಎಂಥದೋ ಖುಷಿ. ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದರೂ ನಾನು ಒಂದು ಕೆಲಸ ಮುಗಿದದ್ದನ್ನು ನೋಡಿರಲಿಲ್ಲ.

ಚಹಾ ಕುಡಿಯುತ್ತ ಕೂತಾಗ ನನ್ನ ಗಂಡ ಕುಂಟುತ್ತ ಬಂದು ಕೇಳಿಯೇಬಿಟ್ಟರು. "ಮೇಡಂ, ಇಷ್ಟೆಲ್ಲ ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ" ಎಂದರು. "ಮತ್ತೆ, ಆಡಿಟ್ ಬರುವುದು ಯಾವಾಗಲೂ ನಷ್ಟ ಆದ ಮೇಲೇ."

ನನ್ನ ಗಂಡ ಬಿಸ್ಕತ್ತು ತಿಂದರು.

ಆಮೇಲೆ ಮೇಡಂ ತಾವಾಗಿಯೇ ಹೇಳಿದರು. ಶಿಮ್ಲಾದಿಂದ ಮೇಲೆ ಅವರ ತಂದೆಗೆ ಸೇಬಿನ ತೋಟವಿತ್ತು. ಚಳಿಗಾಲದಲ್ಲಿ ಗಿಡ ಸವರುವ ಕೆಲಸ. ಇಬ್ಬರು ಅಣ್ಣಂದಿರು ರಜಾಯಿ ಬಿಟ್ಟು ಏಳುತ್ತಿರಲಿಲ್ಲ. ಹಿಮದಲ್ಲಿ ತಂದೆಯ ಹಿಂದೆ ಹೋಗುತ್ತಿದ್ದದ್ದು ಇವರು. ಯಾವ ಮೊಗ್ಗು ಹಣ್ಣಾಗುತ್ತದೆ, ಯಾವುದು ಬರೀ ಎಲೆಯಾಗುತ್ತದೆ ಎಂದು ಮುಟ್ಟಿ ಹೇಳುತ್ತಿದ್ದರಂತೆ. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ತೋಟ ಹಂಚಿಕೊಂಡರು. ನಿನಗೆ ದೆಹಲಿಯಲ್ಲಿ ನೌಕರಿ ಇದೆಯಲ್ಲ, ತೋಟ ಯಾಕೆ ಎಂದರು. ಇವರು ಏನೂ ಅನ್ನದೆ ಬಸ್ಸು ಹತ್ತಿ ಬಂದವರು ಮತ್ತೆ ಆ ಕಡೆಗೆ ಹೋಗಿರಲಿಲ್ಲ.

ನನ್ನ ನಾಲಿಗೆಗೆ ಮೂಳೆಯಿಲ್ಲ. "ಅಲ್ಲ ಮೇಡಂ, ನಾವು ಸ್ಕೂಟರ್ ಒಂದು ಗೇಣು ಅಡ್ಡ ನಿಲ್ಲಿಸಿದರೆ ಬಿಡೋದಿಲ್ಲ ನೀವು. ಅಣ್ಣಂದಿರು ಇಡೀ ಗುಡ್ಡ ಎತ್ತಿಕೊಂಡು ಹೋದರೆ ಸುಮ್ಮನೆ ಬಂದಿರಾ?"

ನನ್ನ ಗಂಡ ನನ್ನ ಕಡೆ ಕಣ್ಣು ಬಿಟ್ಟರು. ಮೇಡಂ ಕನ್ನಡಕದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ, ಕೊನೆಗೆ ಕನ್ನಡಕ ತೆಗೆದು ದುಪಟ್ಟಾದಿಂದ ಕಣ್ಣೊರೆಸಿಕೊಂಡರು. ಒರೆಸಿದ್ದು ನಗುವಿನ ನೀರೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

ಮರುದಿನ ಬೆಳಗ್ಗೆ ಕೋತಿಗಳು ಬಂದವು. ಕೊಂಬೆ ಇದ್ದ ಜಾಗದಲ್ಲಿ ಕೊಂಬೆಯಿಲ್ಲದ್ದನ್ನು ನೋಡಿ ಒಂದು ಕ್ಷಣ ಚರ್ಚಿಸಿ, ಮಳೆನೀರಿನ ಪೈಪು ಹಿಡಿದು ಸೀದಾ ಬಾಲ್ಕನಿ ಹತ್ತಿದವು. ಮೇಡಂ ಈ ಸಲ ಕೂಗಲಿಲ್ಲ. ಬಾಲ್ಕನಿಗೆ ಜಾಲರಿ ಹೊಡೆಸಿದರು.

ಕೆಲ ದಿನಗಳ ಮೇಲೆ ನಮ್ಮ ಬಾಗಿಲು ತಟ್ಟಿ, "ನಿಮ್ಮ ಆ ಗರಗಸ ಸ್ವಲ್ಪ ದಿನ ಕೊಡ್ತೀಯಾ?" ಎಂದರು. ಊರಿಗೆ ಹೊರಟಿದ್ದರು. ರಜೆಯನ್ನೇ ಹಾಕದ ಹೆಂಗಸು ರಜೆ ಹಾಕಿದ್ದಾರೆ ಎಂದು ಬ್ಲಾಕಿನಲ್ಲೆಲ್ಲ ಸುದ್ದಿಯಾಯಿತು. ನಾನು ಗರಗಸದ ಜೊತೆ ಕೈಗತ್ತರಿಯನ್ನೂ ಕೊಟ್ಟೆ.

ಅವರು ಹಿಂತಿರುಗಿದಾಗ ಮುಖ ಬಿಸಿಲಿಗೆ, ಗಾಳಿಗೆ ಸಿಪ್ಪೆ ಸುಲಿದಿತ್ತು. ಕೈತುಂಬ ಗೀರುಗಳು. ಮೆಟ್ಟಿಲ ಮೇಲೇ ಕೂತು ಹೇಳಿದರು. ಅಲ್ಲಿಗೆ ಹೋದವರು ಯಾರನ್ನೂ ಏನೂ ಕೇಳಲಿಲ್ಲವಂತೆ. ಬೆಳಗ್ಗೆ ಎದ್ದು ತೋಟದ ತುದಿಯ ಸಾಲಿನಿಂದ ಸವರಲು ಶುರುಮಾಡಿದರು. "ಕಟುಕರ ಹಾಗೆ ಕಡಿದಿದ್ದಾರೆ ಗಿಡಗಳನ್ನು!" ಚಿಕ್ಕಣ್ಣ ಬಂದು ಕೂಗಾಡಿದ. ಇವರು ಗಿಡದ ಮೇಲಿನಿಂದಲೇ, ಅವನು ಸವರಿದ ಮರವನ್ನೂ ತಾವು ಸವರಿದ್ದನ್ನೂ ಎಣಿಸಿ ತೋರಿಸಿ ತಪ್ಪುಗಳನ್ನು ಓದಿ ಹೇಳಿದರು. ದೊಡ್ಡಣ್ಣ ಸುಮ್ಮನೆ ಕೂತು ನೋಡುತ್ತಿದ್ದ. ಮಂಡಿನೋವಿಗೆ ಅವನಿಗೆ ಮೇಲಿನ ಇಳಿಜಾರು ಹತ್ತಲಾಗುತ್ತಿರಲಿಲ್ಲ. ಅಲ್ಲಿನ ಹಳೆಯ ಮರಗಳು ಕಾಡಾಗಿದ್ದವು. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಮೇಡಂ ತಮ್ಮ ಪಾಲು ಕೇಳಿದರು. ಚಿಕ್ಕಣ್ಣ ತಟ್ಟೆ ಬಿಟ್ಟು ಎದ್ದುಹೋದ. ದೊಡ್ಡಣ್ಣ ತುಂಬ ಹೊತ್ತು ಅಗಿದು, ನುಂಗಿ, "ಮೇಲಿನ ಇಳಿಜಾರು ತಗೋ. ಅಪ್ಪ ಇದ್ದಿದ್ದರೆ ನಿನಗೇ ಕೊಡುತ್ತಿದ್ದ" ಎಂದ.

"ಹಣ್ಣು ಕಮ್ಮಿ, ರಸ್ತೆ ಇಲ್ಲ, ಮರಗಳಿಗೆ ನನಗಿಂತ ವಯಸ್ಸು" ಎಂದರು ಮೇಡಂ. "ಆದರೆ ನನ್ನದು."

ಮರುವರ್ಷ ನಿವೃತ್ತರಾಗಿ ಹೊರಟೇಬಿಟ್ಟರು. ಅವರ ಮನೆಗೆ ಬಂದ ಹೊಸ ಸಂಸಾರ ಬಲು ಸಾಧು. ನಮಗೆ ಬಹಳ ದಿನ ಬೇಜಾರಾಯಿತು, ಮೇಲಿನಿಂದ ಯಾರೂ ಬೈಯುತ್ತಿರಲಿಲ್ಲ.

ಒಂದು ಚಳಿಗಾಲ ಮೇಡಂ ಅವರೇ ನಮ್ಮನ್ನು ತಮ್ಮ ತೋಟಕ್ಕೆ ಕರೆಸಿಕೊಂಡರು. ರಾತ್ರಿ ಬಸ್ಸಿನಲ್ಲಿ ಹೋಗಿ, ಮತ್ತೆ ಜೀಪು ಹತ್ತಿ, ಕೊನೆಗೆ ನಡೆದು ತಲುಪಿದೆವು. ಅತ್ತೆ ಚಳಿ ಎಂದು ಬರಲಿಲ್ಲ. ನನ್ನ ಗಂಡ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೈ ಇಳಿಸಲಾಗದೆ ಬೆದರುಬೊಂಬೆಯಂತೆ ನಿಂತಿದ್ದರು. ಮೇಡಂ ಅವರನ್ನು ಬಿಸಿಲಿರುವ ಕಲ್ಲಿನ ಮೇಲೆ ಕೂರಿಸಿ, ಕತ್ತರಿಸಿ ಬಿದ್ದ ಕಡ್ಡಿಗಳನ್ನು ಕಟ್ಟುಕಟ್ಟುವ ಕೆಲಸ ಒಪ್ಪಿಸಿದರು. ಅದನ್ನು ಅವರು ಅದ್ಭುತವಾಗಿ ಮಾಡಿದರು. ಎಲ್ಲ ಕಟ್ಟುಗಳೂ ಒಂದೇ ಅಳತೆ, ಒಂದೇ ಗಂಟು. ಫೈಲುಗಳ ಹಾಗೆ ಸಾಲಾಗಿ ಜೋಡಿಸಿದ್ದರು. ಅದನ್ನು ನೋಡಲು ದೊಡ್ಡಣ್ಣ ಕೋಲೂರಿಕೊಂಡು ಅಷ್ಟು ದೂರ ಹತ್ತಿ ಬಂದ. ಇಬ್ಬರೂ ಆ ಕಲ್ಲಿನ ಮೇಲೆ ಕೂತು ಮಂಡಿಯ ಬಗ್ಗೆ, ಪಿಂಚಣಿಯ ಬಗ್ಗೆ ಮಾತಿಗಿಳಿದರು.

ಮೇಡಂ ನನ್ನನ್ನು ಒಂದು ಮುದಿ ಮರದ ಬಳಿಗೆ ಕರೆದೊಯ್ದರು. ಅದರ ತುಂಬ ಅಡ್ಡಾದಿಡ್ಡಿ ಚಿಗುರು. "ಏನು ತೆಗೀಬೇಕು, ನೀನೇ ಹೇಳು" ಎಂದರು. ನಾನು ಮರವನ್ನು ಸುತ್ತಿ ನೋಡಿ ಒಂದು ಕೊಂಬೆ ತೋರಿಸಿದೆ.

"ಯಾಕೆ?"

"ಪಕ್ಕದ್ದಕ್ಕೆ ಬಿಸಿಲು ಬಿಡ್ತಿಲ್ಲ."

"ಚಲೋ" ಎಂದು ಏಣಿಯನ್ನು ಮರಕ್ಕೆ ಒರಗಿಸಿ, ಅದರ ಬುಡವನ್ನು ಹಿಮದಲ್ಲಿ ಒತ್ತಿ ಹಿಡಿದರು. ನಾನು ಹತ್ತಿದೆ.